ಗುರುತು ಎಲ್ಲಿರಲಿ ಎಂದು ಕೇಳಿದವಳಿಗೆ

ಸಾಲಗಾಮೆಯಿಂದ

ಪುಟ್ಟಿ,

ನೀನು ಫೋನಿನಲ್ಲಿ ಕಳಿಸಿದ ಸ್ಕ್ಯಾನ್ ರಿಪೋರ್ಟು, ಸೂಜಿ ಪರೀಕ್ಷೆಯ ರಿಪೋರ್ಟು ಎರಡನ್ನೂ ನಿಧಾನವಾಗಿ ಓದಿದೆ. ಥೈರಾಯ್ಡಿನ ಬಲಭಾಗದಲ್ಲಿ 3 ಸೆಂಟಿಮೀಟರಿನ ಒಂದು ಗಂಟು. ಎಡಭಾಗ ಚೊಕ್ಕಟವಾಗಿದೆ, ಕತ್ತಿನ ಅಕ್ಕಪಕ್ಕದ ಗ್ರಂಥಿಗಳು ಊದಿಲ್ಲ. ಸೂಜಿ ಪರೀಕ್ಷೆ ಮಾತ್ರ ಆ ಗಂಟನ್ನು ಒಳ್ಳೆಯದೆಂದೂ ಹೇಳದೆ ಕೆಟ್ಟದ್ದೆಂದೂ ಹೇಳದೆ ಫಾಲಿಕ್ಯುಲರ್ ಗುಂಪಿಗೆ ಸೇರಿಸಿದೆ. ಈ ಗುಂಪಿನ ಗಂಟು ಕ್ಯಾನ್ಸರ್ ಹೌದೋ ಅಲ್ಲವೋ ಎನ್ನುವುದು ಅದರ ಸುತ್ತಲಿನ ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಪೂರ್ತಿ ಪರೀಕ್ಷಿಸಿದರೆ ಮಾತ್ರ ತಿಳಿಯುತ್ತದೆ. ಬಲ ಅರ್ಧವನ್ನು ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದು ಅದಕ್ಕೇ, ಸರಿಯಾಗಿಯೇ ಹೇಳಿದ್ದಾರೆ. ಇಂಥವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೆಂದೇ ಕೊನೆಗೆ ಗೊತ್ತಾಗುತ್ತದೆ. ಅಷ್ಟು ಧೈರ್ಯ ಇಟ್ಟುಕೊಂಡು ಮುಂದೆ ಓದು.

ರಿಪೋರ್ಟಿನ ಕೆಳಗೆ ನೀನು ಬರೆದಿದ್ದೆ: 'ದೊಡ್ಡಮ್ಮ, ಕತ್ತಿನ ಮೇಲೆ ಗುರುತು ಬೀಳದ ಹಾಗೆ ಮಾಡಿಸಿಕೊಳ್ಳಬಹುದಾ? ಕೇಳಿದ್ದಕ್ಕೆ ಅಮ್ಮ ಬೈದಳು.' ಅಮ್ಮನ ಮಾತಿಗೆ ಬೇಸರಪಡಬೇಡ. ಗಂಟು ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ಅವಳಿಗೆ ನಿದ್ದೆಯಿಲ್ಲ. ಜೀವದ ಚಿಂತೆಯ ನಡುವೆ ಅಂದದ ಮಾತೇಕೆ ಎಂಬುದು ಅವಳ ಸಂಕಟ. ಆದರೆ ನೀನು ಕೇಳಿದ್ದು ಶೋಕಿಯ ಮಾತಲ್ಲ ಕಣೇ. ಮುಖದ ನಂತರ ಜನ ಮೊದಲು ನೋಡುವುದೇ ಕತ್ತನ್ನು. ಇಪ್ಪತ್ತಾರರ ಹುಡುಗಿ ಮುಂದಿನ ಐವತ್ತು ವರ್ಷ ಕನ್ನಡಿಯಲ್ಲಿ ನೋಡಿಕೊಳ್ಳಬೇಕಾದ ಗುರುತು ಅದು. ಬದುಕಿನ ಬಹುಪಾಲನ್ನು ಸರ್ಕಾರಿ ಆಸ್ಪತ್ರೆಗಳ ಆಪರೇಷನ್ ಥಿಯೇಟರುಗಳಲ್ಲಿ ಕಳೆದವಳು ನಾನು. ಮಲೆನಾಡಿನ ಕಡೆಯಿಂದ ಬರುತ್ತಿದ್ದ ಎಷ್ಟೋ ಹೆಂಗಸರು ಗಳಗಂಡವನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ವರ್ಷಗಟ್ಟಲೆ ಸುಮ್ಮನಿರುತ್ತಿದ್ದರು, ಉಸಿರು ಕಟ್ಟತೊಡಗಿದ ಮೇಲಷ್ಟೇ ಬರುತ್ತಿದ್ದರು. ಚಿಕ್ಕಮಗಳೂರು, ಕೊಡಗಿನಂಥ ಘಟ್ಟದ ಜಿಲ್ಲೆಗಳಲ್ಲಿ ಅಯೋಡಿನ್ ಕೊರತೆಯ ಗಳಗಂಡ ಆಗ ಮಾಮೂಲಿ. 1962ರಲ್ಲಿ ಕೇಂದ್ರ ಸರ್ಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುಮಾಡಿ, ಆಮೇಲಾಮೇಲೆ ಅಯೋಡಿನ್ ಬೆರೆಸಿದ ಉಪ್ಪು ಮನೆಮನೆಗೆ ಬಂದ ಮೇಲೆ ಅಷ್ಟು ದೊಡ್ಡ ಗಡ್ಡೆಗಳು ಕಡಿಮೆಯಾದವು. ಆ ಹೆಂಗಸರು ತಡಮಾಡಿದ್ದಕ್ಕೆ ಬಡತನ ಒಂದು ಕಾರಣ, ಕತ್ತು ಕೊಯ್ದರೆ ಗುರುತು ಉಳಿಯುತ್ತದೆ ಎನ್ನುವ ಭಯ ಇನ್ನೊಂದು. ಹಾಗಾಗಿ ಗುರುತಿನ ಮಾತನ್ನು ಯಾರೇ ಕೇಳಲಿ, ಹಗುರವಾಗಿ ತಳ್ಳಿಹಾಕಬಾರದು. ಕೂತು ಉತ್ತರ ಹೇಳಬೇಕು.

ಮೊದಲು ಹಳೆಯ ಕಥೆ. 19ನೇ ಶತಮಾನದ ನಡುವಿನಲ್ಲಿ ಥೈರಾಯ್ಡ್ ಕೊಯ್ಯಿಸಿಕೊಂಡ 100 ಜನರಲ್ಲಿ ಸುಮಾರು 40 ಜನ ಬದುಕುತ್ತಿರಲಿಲ್ಲ, ಕಾರಣ ರಕ್ತಸ್ರಾವ, ಕೀವು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡರ್ ಕೋಖರ್ ರಕ್ತನಾಳಗಳನ್ನು ಒಂದೊಂದಾಗಿ ಹಿಡಿದು ಕಟ್ಟಿ, ಅವಸರವಿಲ್ಲದೆ ಕೆಲಸ ಮಾಡಿ ಆ ಸಾವನ್ನು 100ಕ್ಕೆ ಒಂದಕ್ಕಿಂತ ಕೆಳಗೆ ತಂದರು. ಕತ್ತಿನ ಕೆಳಭಾಗದಲ್ಲಿ ಕಾಲರಿನ ಹಾಗೆ ಅಡ್ಡಡ್ಡ ಬರುವ ಕೊಯ್ತವನ್ನು ರೂಢಿಗೆ ತಂದವರಲ್ಲಿ ಅವರೇ ಮುಖ್ಯರು. 1909ರಲ್ಲಿ ನೊಬೆಲ್ ಪ್ರಶಸ್ತಿ ಬಂತು, ಅದನ್ನು ಪಡೆದ ಮೊದಲ ಸರ್ಜನ್ ಅವರು. ಆದರೆ ನಾನು ನಿನಗೆ ಹೇಳಬೇಕಾದದ್ದು 1883ರ ಸಂಗತಿ. ಪೂರ್ತಿ ಥೈರಾಯ್ಡ್ ತೆಗೆಸಿಕೊಂಡು ಹೋದ ತಮ್ಮ ಹಳೆಯ ರೋಗಿಗಳನ್ನು ಕೋಖರ್ ಮತ್ತೆ ಕರೆಸಿ ನೋಡಿದರು. ಗಾಯ ಅಚ್ಚುಕಟ್ಟಾಗಿ ಮಾಗಿತ್ತು. ಮನುಷ್ಯರು ಮಾತ್ರ ಊದಿಕೊಂಡು, ಮಂಕಾಗಿ, ಮಾತು ನಡೆ ಎರಡೂ ನಿಧಾನವಾಗಿ, ಗುರುತು ಸಿಗದಂತಾಗಿದ್ದರು. ಥೈರಾಯ್ಡ್ ಏಕೆ ಬೇಕು ಎಂದು ಲೋಕಕ್ಕೆ ಆಗ ಸರಿಯಾಗಿ ಗೊತ್ತೇ ಇರಲಿಲ್ಲ. ಇವತ್ತು ಅದಕ್ಕೆ ಮಾತ್ರೆ ಇದೆ. ನಿನ್ನ ಹಾಗೆ ಅರ್ಧ ತೆಗೆಸಿಕೊಂಡವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಮಾತ್ರ ಆ ಮಾತ್ರೆ ಬೇಕಾಗುತ್ತದೆ. ಆದರೂ ಕತ್ತಿನ ಗುರುತಿನ ವಿಚಾರ ಬಂದಾಗಲೆಲ್ಲ ನನಗೆ ಆ ರೋಗಿಗಳು ನೆನಪಾಗುತ್ತಾರೆ.

ಗಾಯ ಚೆನ್ನಾಗಿ ಮಾಗಿದರಷ್ಟೇ ಸಾಲದು, ಚರ್ಮದ ಕೆಳಗೆ ಏನಿದೆ ಎಂದು ಕೇಳು. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡಂತೆ ಧ್ವನಿಪೆಟ್ಟಿಗೆಗೆ ಹೋಗುವ ನರ ಇದೆ. ಅದಕ್ಕೆ ಪೆಟ್ಟಾದರೆ ಧ್ವನಿ ಒಡೆಯುತ್ತದೆ, ನೀರು ಕುಡಿದರೆ ನೆತ್ತಿಗೇರುತ್ತದೆ. ಮೇಲ್ತುದಿಯಲ್ಲಿ ಇನ್ನೊಂದು ಸಣ್ಣ ನರ ಇದೆ. ತಾರಸ್ಥಾಯಿಗೆ ಏರುವಾಗ ಧ್ವನಿತಂತುವನ್ನು ಬಿಗಿಯುವುದು ಅದೇ. ಸಾಲಗಾಮೆ ರಸ್ತೆಯ ಮಲ್ನಾಡ್ ಕಾಲೇಜಿನಲ್ಲಿ ಓದುವಾಗ ಪ್ರತಿ ಸಮಾರಂಭದಲ್ಲೂ ಹಾಡಿದವಳು ನೀನು, ಈಗಲೂ ಭಾನುವಾರ ಸಂಗೀತ ಪಾಠಕ್ಕೆ ಹೋಗುತ್ತೀಯ. ಹಾಡುವ ವಿಷಯವನ್ನು ಸರ್ಜನ್ ಬಳಿ ಮೊದಲೇ ಹೇಳಬೇಕು. ಆಪರೇಷನ್ನಿಗೆ ಮುಂಚೆ ಒಂದು ಸಲ, ಆಮೇಲೊಂದು ಸಲ ಧ್ವನಿತಂತುಗಳನ್ನು ಕೊಳವೆ ಹಾಕಿ ನೋಡಿಸಿಕೊ. ಇವಲ್ಲದೆ ಪ್ಯಾರಾಥೈರಾಯ್ಡ್ ಎಂಬ ನಾಲ್ಕು ಪುಟ್ಟ ಗ್ರಂಥಿಗಳಿವೆ, ರಕ್ತದ ಕ್ಯಾಲ್ಸಿಯಂ ಕಾಯುವವು. ಅರ್ಧ ಮಾತ್ರ ತೆಗೆಯುವಾಗ ಇನ್ನೊಂದು ಪಕ್ಕದವು ಕೈಗೆ ಸಿಗದೆ ಸುರಕ್ಷಿತವಾಗಿರುತ್ತವೆ, ಆ ಮಟ್ಟಿಗೆ ನೀನು ನಿಶ್ಚಿಂತೆ.

ಈಗ ದಾರಿಗಳ ವಿಷಯ. ನನ್ನ ಕಾಲದಲ್ಲಿ ಕತ್ತಿನ ಕೊಯ್ತ 8ರಿಂದ 10 ಸೆಂಟಿಮೀಟರ್ ಇರುತ್ತಿತ್ತು, ಚರ್ಮಕ್ಕೆ ಲೋಹದ ಕ್ಲಿಪ್ಪು ಹಾಕಿ ಎರಡು ಮೂರು ದಿನಕ್ಕೆ ತೆಗೆಯುತ್ತಿದ್ದೆವು. ಈಗ 4ರಿಂದ 6 ಸೆಂಟಿಮೀಟರಿನಲ್ಲಿ ಮುಗಿಸುತ್ತಾರೆ, ಚರ್ಮದೊಳಗೇ ಕರಗುವ ದಾರದಲ್ಲಿ ಹೊಲಿಯುತ್ತಾರೆ. ಆದರೆ ಗುರುತು ಚೆನ್ನಾಗಿ ಬರುವುದು ಉದ್ದದಿಂದ ಮಾತ್ರ ನಿರ್ಧಾರವಾಗುವುದಿಲ್ಲ ಪುಟ್ಟಿ. ನಿಜವಾದ ಗುಟ್ಟು ಜಾಗದಲ್ಲಿದೆ. ಕತ್ತಿನಲ್ಲಿ ಹುಟ್ಟಿನಿಂದಲೇ ಇರುವ ಮಡಿಕೆಯಲ್ಲಿ ಕೊಯ್ತ ಬಿದ್ದರೆ ವರ್ಷದ ಮೇಲೆ ಅದು ಇನ್ನೊಂದು ಮಡಿಕೆಯಾಗಿ ಸೇರಿಹೋಗುತ್ತದೆ. ಎದೆಮೂಳೆಯ ಹಳ್ಳದ ಹತ್ತಿರಕ್ಕೆ ಇಳಿದರೆ ಅಲ್ಲಿ ಚರ್ಮ ಎಳೆದಾಡುತ್ತದೆ, ಗುರುತು ದಪ್ಪವಾಗುತ್ತದೆ. ಒಳ್ಳೆಯ ಸರ್ಜನ್ ನಿನ್ನನ್ನು ಎಚ್ಚರವಾಗಿರುವಾಗಲೇ ಕೂರಿಸಿ, ತಲೆ ನೇರವಾಗಿರಿಸಿ, ಪೆನ್ನಿನಲ್ಲಿ ಗೆರೆ ಎಳೆದುಕೊಳ್ಳುತ್ತಾರೆ. ಮೇಜಿನ ಮೇಲೆ ಭುಜದ ಕೆಳಗೆ ದಿಂಬಿಟ್ಟು ಕತ್ತನ್ನು ಹಿಂದಕ್ಕೆ ಬಾಗಿಸಿದ ಮೇಲೆ ಗೆರೆ ಎಳೆದರೆ ಚರ್ಮ ಸರಿದಿರುತ್ತದೆ. ಆಮೇಲೆ ರೋಗಿ ಎದ್ದು ಕೂತಾಗ ಗುರುತು ಅಂದುಕೊಂಡ ಜಾಗದಲ್ಲಿ ಇರುವುದಿಲ್ಲ. ಗೆರೆಯನ್ನು ಯಾವಾಗ ಎಳೆಯುತ್ತೀರಿ ಎಂದು ನೀನು ಕೇಳಬೇಕು, ಸಂಕೋಚ ಬೇಡ.

ಇನ್ನೊಂದು ವಿಷಯ ಹೊರಗಿನವರಿಗೆ ಹೊಳೆಯುವುದಿಲ್ಲ. ಕೊಯ್ತ ಚಿಕ್ಕದಾಗಲಿ ಎಂದು ಹಟ ಹಿಡಿದು ಸಣ್ಣ ಬಾಯಿಂದ ದೊಡ್ಡ ಗಂಟು ತೆಗೆಯಲು ಹೋದರೆ ಗಂಟೆಗಟ್ಟಲೆ ಕೊಕ್ಕೆ ಹಾಕಿ ಚರ್ಮದ ಅಂಚನ್ನು ಎಳೆಯಬೇಕಾಗುತ್ತದೆ. ಅಂಚು ಜಜ್ಜಿದಂತಾಗುತ್ತದೆ. ಅಂಥ 3 ಸೆಂಟಿಮೀಟರಿನ ಗುರುತು ಒಂದು ಸೆಂಟಿಮೀಟರ್ ಹೆಚ್ಚು ಕೊಯ್ದು ಮೃದುವಾಗಿ ನಡೆಸಿದ ಗುರುತಿಗಿಂತ ಕೆಟ್ಟದಾಗಿ ಮಾಗುವುದನ್ನು ನಾನೇ ನೋಡಿದ್ದೇನೆ. ಗುರುತಿನ ಉದ್ದಕ್ಕೂ ರೋಗಿಯ ತೃಪ್ತಿಗೂ ನೇರ ಸಂಬಂಧವಿಲ್ಲ ಎಂದು ಹೊರದೇಶದ ಅಧ್ಯಯನವೂ ತೋರಿಸಿದೆ.

ಇಟಲಿಯ ಪೀಸಾ ನಗರದ ಪಾವ್ಲೊ ಮಿಕ್ಕೋಲಿ 1990ರ ದಶಕದ ಕೊನೆಯಲ್ಲಿ ಕ್ಯಾಮೆರಾ ಕೊಳವೆಯ ಸಹಾಯದಿಂದ ಕತ್ತಿನಲ್ಲೇ ಒಂದೂವರೆ ಸೆಂಟಿಮೀಟರಿನ ಕೊಯ್ತದಲ್ಲಿ ಥೈರಾಯ್ಡ್ ತೆಗೆಯುವ ದಾರಿ ಮಾಡಿದರು. ಸಣ್ಣ ಗಂಟಿಗೆ ಅದು ಸೊಗಸು. ನಿನ್ನದು ಅದರ ಮಿತಿಯ ಅಂಚಿನಲ್ಲಿದೆ.

ಅದೇ ಹೊತ್ತಿನಲ್ಲಿ ಜಪಾನ್, ಕೊರಿಯಾ ಕಡೆ ಕತ್ತಿನ ಗುರುತೇ ಬೇಡ ಎನ್ನುವವರು ಹೆಚ್ಚಾದರು. 2000ದ ಸುಮಾರಿಗೆ ಜಪಾನಿನವರು ಕಂಕುಳಿನಿಂದ, ಎದೆಯಿಂದ ಕ್ಯಾಮೆರಾ ತೂರಿಸಿ ಕತ್ತಿಗೆ ಹೋದರು. 2007ರಲ್ಲಿ ಸಿಯೋಲ್‌ನ ಯಾನ್ಸೆ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಚುಂಗ್ ವೂಂಗ್ ಯೂನ್ ಅವರ ತಂಡ ಅದೇ ಕಂಕುಳಿನ ದಾರಿಗೆ ರೋಬೋ ಜೋಡಿಸಿತು. ನಮ್ಮ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲೂ ಈಗ ರೋಬೋ ಇದೆ. ಕಂಕುಳಿನಲ್ಲಿ 5-6 ಸೆಂಟಿಮೀಟರಿನ ಗುರುತು, ಕೈ ಇಳಿಬಿಟ್ಟರೆ ಕಾಣದು. ಸಿಯೋಲ್‌ನವರೇ ಬೆಳೆಸಿದ ಇನ್ನೊಂದು ದಾರಿಯಲ್ಲಿ ಎರಡೂ ಕಂಕುಳು, ಎರಡೂ ಮೊಲೆತೊಟ್ಟಿನ ಸುತ್ತಲಿನ ಕಪ್ಪು ಚರ್ಮದ ಅಂಚು, ಹೀಗೆ ನಾಲ್ಕು ಕಡೆ ಒಂದೊಂದು ಸೆಂಟಿಮೀಟರಿನ ರಂಧ್ರ. ಅಮೆರಿಕದಲ್ಲಿ ಕಿವಿಯ ಹಿಂದಿನಿಂದ ಕೂದಲಿನಂಚಿನಲ್ಲಿ ಇಳಿಯುವ ದಾರಿಯೂ ಬಂತು. ಅದು ಒಂದು ಪಕ್ಕದ ಗಂಟಿಗೆ ಆಗುತ್ತದೆ, ಆದರೆ ಕಿವಿಯ ಹಾಲೆ ಕೆಲವು ತಿಂಗಳು ಜೋಮು ಹಿಡಿದಂತಿರಬಹುದು.

ಈ ದಾರಿಗಳಿಗೆಲ್ಲ ಒಂದು ಸಾಮಾನ್ಯ ಸತ್ಯವಿದೆ, ಜಾಹೀರಾತಿನಲ್ಲಿ ಅದು ಕಾಣುವುದಿಲ್ಲ. ಕಾಣುವ ಗಾಯ ದೂರ ಹೋದಷ್ಟೂ ಕಾಣದ ಗಾಯ ದೊಡ್ಡದಾಗುತ್ತದೆ. ಕಂಕುಳಿನಿಂದ ಕತ್ತಿನವರೆಗೆ, ಕೊರಳೆಲುಬಿನ ಮೇಲೆ ಹಾದು, ಚರ್ಮವನ್ನು ಮಾಂಸದಿಂದ ಬಿಡಿಸುತ್ತ ಹೋಗಬೇಕು. ಎದೆಯ ಮೇಲ್ಭಾಗ ಜೋಮು ಹಿಡಿದಿರುತ್ತದೆ, ನೋವು ಹರಡಿರುತ್ತದೆ, ಆಪರೇಷನ್ ಹೊತ್ತು ಹೆಚ್ಚು. ಕೈಯನ್ನು ಎತ್ತಿ ಕಟ್ಟಿ ಮಲಗಿಸುವುದರಿಂದ ಅಪರೂಪಕ್ಕೆ ತೋಳಿನ ನರಗಳು ಎಳೆದು ನೋಯುತ್ತವೆ. ಗುರುತು ಅಡಗಿತು ಎಂದು ಆಪರೇಷನ್ ಸಣ್ಣದಾಯಿತು ಎಂದುಕೊಳ್ಳಬೇಡ. ಖರ್ಚೂ ಹಾಗೆಯೇ. ರೋಬೋ ಚಿಕಿತ್ಸೆಗೆ ವಿಮೆಯವರು ಎಷ್ಟರ ಮಿತಿ ಇಟ್ಟಿದ್ದಾರೆ ಎಂದು ಮೊದಲೇ ವಿಚಾರಿಸು.

ಇನ್ನು ನೀನು ವಿಡಿಯೋದಲ್ಲಿ ನೋಡಿದೆ ಎಂದದ್ದು, ಬಾಯೊಳಗಿನ ದಾರಿ. ಬ್ಯಾಂಕಾಕಿನ ಪೊಲೀಸ್ ಜನರಲ್ ಆಸ್ಪತ್ರೆಯ ಆಂಗ್‌ಕೂನ್ ಅನುವೊಂಗ್ 2016ರಲ್ಲಿ ತಮ್ಮ ಮೊದಲ 60 ರೋಗಿಗಳ ವಿವರ ಪ್ರಕಟಿಸಿದ ಮೇಲೆ ಇದು ಜಗತ್ತಿನಾದ್ಯಂತ ಹಬ್ಬಿತು. ಕೆಳತುಟಿಯ ಒಳಮೈಯಲ್ಲಿ ಮೂರು ರಂಧ್ರ, ನಡುವಿನದು ದೊಡ್ಡದು. ಗದ್ದದ ಎಲುಬಿನ ಮೇಲಿಂದ ಜಾರಿ, ಕಾರ್ಬನ್ ಡೈಆಕ್ಸೈಡ್ ಅನಿಲ ತುಂಬಿ ಜಾಗ ಮಾಡಿಕೊಂಡು, ಮೇಲಿನಿಂದ ಕೆಳಕ್ಕೆ ಥೈರಾಯ್ಡನ್ನು ನೋಡುತ್ತ ತೆಗೆಯುತ್ತಾರೆ. ಮೈಮೇಲೆ ಎಲ್ಲಿಯೂ ಗುರುತಿಲ್ಲ, ನಿಜವಾಗಿಯೂ ಇಲ್ಲ. ಬಾಯೊಳಗಿನ ಚರ್ಮ ಬಹಳ ಬೇಗ ಮಾಗುತ್ತದೆ. ಇದಕ್ಕೂ ಬೆಲೆಯಿದೆ: ಗದ್ದ ಕೆಲವು ವಾರ ಜೋಮು ಹಿಡಿಯುವುದು, ಬಾತುಕೊಳ್ಳುವುದು, ನೀಲಿಗಟ್ಟುವುದು; ಬಾಯಿಯ ಸೂಕ್ಷ್ಮಾಣುಗಳು ಕತ್ತಿಗೆ ಇಳಿಯದಂತೆ ಆಂಟಿಬಯಾಟಿಕ್; ತೀರಾ ಅಪರೂಪಕ್ಕೆ ಅನಿಲ ರಕ್ತನಾಳ ಸೇರುವ ಅಪಾಯ. ನಿನ್ನ ಮಟ್ಟಿಗೆ ಇನ್ನೊಂದು ಮಾತಿದೆ. ನಿನ್ನ ಗಂಟಿನ ಪೊರೆ ಹರಿಯದೆ ಇಡಿಯಾಗಿ ಪ್ಯಾಥಾಲಜಿಯವರ ಕೈ ಸೇರಬೇಕು. 3 ಸೆಂಟಿಮೀಟರಿನ ಗಂಟನ್ನು ತುಟಿಯ ಒಳಗಿನ ಸಣ್ಣ ಬಾಯಿಂದ ಚೀಲದಲ್ಲಿ ಹಾಕಿ ಎಳೆಯುವಾಗ ಅದು ಒಡೆದರೆ, ಯಾವ ಪ್ರಶ್ನೆಗೆ ಉತ್ತರ ಬೇಕೆಂದು ಇಷ್ಟೆಲ್ಲ ಮಾಡಿದೆವೋ ಆ ಉತ್ತರವೇ ಮಸುಕಾಗುತ್ತದೆ. ಕೈಪಳಗಿದವರು ಒಡೆಯದೆ ತೆಗೆಯುತ್ತಾರೆ. ಈ ಅಳತೆಯ ಗಂಟನ್ನು ಈ ದಾರಿಯಲ್ಲಿ ಇಡಿಯಾಗಿ ತೆಗೆದಿದ್ದೀರಾ, ಎಷ್ಟು ಸಲ ಎಂದು ನೇರವಾಗಿ ಕೇಳು. ಗಂಟನ್ನು ಸೂಜಿಯಿಂದ ಸುಡುವ ಚಿಕಿತ್ಸೆಯ ಬಗ್ಗೆಯೂ ನೀನು ಕೇಳಿದ್ದೆ. ಅದು ಕ್ಯಾನ್ಸರ್ ಅಲ್ಲವೆಂದು ಖಚಿತವಾದ ಗಂಟಿಗೆ, ನಿನ್ನದಕ್ಕಲ್ಲ.

ಈಗ ನಮ್ಮ ಮನೆತನದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಗುರುತಿನ ಮಾತಿನಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ನಿಮ್ಮಜ್ಜಿಯ ಕಿವಿಯ ಹಿಂದೆ, ಓಲೆ ಚುಚ್ಚಿದ ಜಾಗದಲ್ಲಿ, ಹುಣಸೆಬೀಜದಷ್ಟು ಗಂಟಿತ್ತು. ಚಿಕ್ಕವಳಿರುವಾಗ ನೀನು ಅದನ್ನು ಮುಟ್ಟಿ ಮುಟ್ಟಿ ಆಡುತ್ತಿದ್ದೆ. ಅದು ಕೀಲಾಯ್ಡ್. ಗಾಯ ಮಾಗುವಾಗ ಚರ್ಮ ನಿಲ್ಲಬೇಕಾದಲ್ಲಿ ನಿಲ್ಲದೆ ಗಾಯದ ಗಡಿ ದಾಟಿ ಬೆಳೆಯುವ ಗುಣ. ಕಪ್ಪು, ಕಂದು ಮೈಬಣ್ಣದವರಲ್ಲಿ ಹೆಚ್ಚು, ರಕ್ತದಲ್ಲಿ ಹರಿದು ಬರುತ್ತದೆ, ಹರೆಯದಲ್ಲಿ ಜೋರು. ಎದೆ, ಭುಜ, ಕಿವಿ ಇದಕ್ಕೆ ಪ್ರಿಯವಾದ ಜಾಗಗಳು. ಕತ್ತಿನ ಮುಂಭಾಗ ಅಷ್ಟಿಲ್ಲ, ಆದರೆ ಪೂರ್ತಿ ಹೊರತೂ ಅಲ್ಲ. ಈಗ ನಿನ್ನ ಎಡತೋಳು ನೋಡಿಕೊ. ಹುಟ್ಟಿದಾಗ ಹಾಕಿಸಿದ ಬಿಸಿಜಿ ಗುರುತು ಚಪ್ಪಟೆಯಾಗಿ, ಬೆಳ್ಳಗೆ, ಒಳಸರಿದಂತಿದೆಯಾ? ಅಥವಾ ಉಬ್ಬಿ, ಹೊಳೆದು, ಆಗಾಗ ನವೆಯಾಗುತ್ತದೆಯಾ? ನಿನ್ನ ಮೈ ಗಾಯವನ್ನು ಹೇಗೆ ಮಾಗಿಸುತ್ತದೆ ಎನ್ನುವುದಕ್ಕೆ ಇಪ್ಪತ್ತಾರು ವರ್ಷದಿಂದ ಕಾದು ಕೂತಿರುವ ಸಾಕ್ಷಿ ಅದು. ಎರಡನ್ನೂ, ಅಜ್ಜಿಯ ಕಿವಿಯನ್ನೂ ನಿನ್ನ ತೋಳನ್ನೂ, ಸರ್ಜನ್ ಬಳಿ ಹೇಳಬೇಕು.

ನನ್ನ ಅಭಿಪ್ರಾಯ ಬೇಕು ಅಂದೆಯಲ್ಲ. ಎದೆಯ ದಾರಿ, ಕಂಕುಳಿನ ದಾರಿ ಎರಡೂ ನಿನಗೆ ಬೇಡ. ಕಂಕುಳಿನ ದಾರಿಯಲ್ಲಿ ಒಳಗಿನ ಗಾಯವೇ ದೊಡ್ಡದು; ಇನ್ನು ಕೀಲಾಯ್ಡ್ ಬರುವ ಮನೆತನದವಳು ಕೀಲಾಯ್ಡ್ ಹುಡುಕಿಕೊಂಡು ಬರುವ ಎದೆಯಲ್ಲೇ ಕೊಯ್ಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ರವಿಕೆಯೊಳಗೆ ಅಡಗಿದ್ದರೂ ನವೆ, ನೋವು ಅನುಭವಿಸುವವಳು ನೀನೇ. ತೋಳಿನ ಗುರುತು ಚಪ್ಪಟೆಯಾಗಿದ್ದರೆ ಕತ್ತಿನ ಮಡಿಕೆಯಲ್ಲೇ ಮಾಡಿಸಿಕೊ. ಗಂಟು ಇಡಿಯಾಗಿ ಬರುತ್ತದೆ, ನರ ಕಣ್ಣಿಗೆ ನೇರವಾಗಿ ಸಿಗುತ್ತದೆ, ಆ ಗುರುತು ವರ್ಷದಲ್ಲಿ ನಿನ್ನದೇ ಆಗುತ್ತದೆ. ಉಬ್ಬಿದ್ದರೆ ಬಾಯೊಳಗಿನ ದಾರಿಯನ್ನು ಗಂಭೀರವಾಗಿ ಯೋಚಿಸು, ಏಕೆಂದರೆ ಬಾಯಿಯ ಒಳಚರ್ಮದಲ್ಲಿ ಕೀಲಾಯ್ಡ್ ಬೆಳೆಯುವುದು ಇಲ್ಲವೆನ್ನುವಷ್ಟು ಅಪರೂಪ. ಆದರೆ ಅದನ್ನು ಮೇಲಿಂದ ಮೇಲೆ ಮಾಡುವವರ ಕೈಯಲ್ಲಿ ಮಾತ್ರ, ನಡುವೆ ತೊಡಕಾದರೆ ಕತ್ತಿನಿಂದಲೇ ಮುಗಿಸಲು ಒಪ್ಪಿಗೆ ಕೊಟ್ಟು. ವರ್ಷಕ್ಕೆ 25ಕ್ಕಿಂತ ಹೆಚ್ಚು ಥೈರಾಯ್ಡ್ ಆಪರೇಷನ್ ಮಾಡುವ ಸರ್ಜನ್‌ಗಳ ಕೈಯಲ್ಲಿ ತೊಂದರೆಗಳು ಕಡಿಮೆ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು ಹೇಳಿತು. ಅದು ಮಾಮೂಲಿ ಆಪರೇಷನ್ನಿನ ಲೆಕ್ಕ, ಹೊಸ ದಾರಿಗೆ ಬೇರೆಯದೇ ಅಭ್ಯಾಸ ಬೇಕು. ಮೊದಲು ಕೈಯನ್ನು ಆರಿಸು, ಆಮೇಲೆ ದಾರಿಯನ್ನು.

ಇದರಲ್ಲಿ ಯಾರ ಮಾತೂ ನಡೆಯಬೇಕಾಗಿಲ್ಲ, ನಿನ್ನದೊಂದನ್ನು ಬಿಟ್ಟು. ಮದುವೆಗೆ ನೋಡಲು ಬರುವವರು ಏನೆಂದಾರು ಎಂದು ನಿಮ್ಮ ಅತ್ತೆ ಫೋನಿನಲ್ಲಿ ಕೇಳಿದರು. ಕತ್ತಿನ ಒಂದು ಗೆರೆ ನೋಡಿ ಎದ್ದುಹೋಗುವ ಮನೆ ನಮ್ಮ ಹುಡುಗಿಗೆ ಬೇಡ ಎಂದು ನಾನು ಅವರಿಗೆ ನೇರವಾಗಿಯೇ ಹೇಳಿದೆ. ಗುರುತು ಬೇಡ ಎಂದು ನಿನಗೇ ಅನ್ನಿಸಿದರೆ ಅದು ಸಾಕಾದ ಕಾರಣ. ಬೇರೆಯವರಿಗೆ ಅನ್ನಿಸಿದರೆ ಅದು ಕಾರಣವೇ ಅಲ್ಲ.

ಗುರುತು ಹೇಗೆ ಬಂತೆಂದು ಅಳೆಯಲು ಡಾಕ್ಟರುಗಳ ಬಳಿ ಅಳತೆಗೋಲುಗಳಿವೆ. ಹಳೆಯ ವ್ಯಾಂಕೂವರ್ ಪಟ್ಟಿಯಲ್ಲಿ ಕೆಂಪು, ಬಣ್ಣ, ಮೃದುತ್ವ, ಎತ್ತರ ಎಂದು ಡಾಕ್ಟರೇ ನೋಡಿ ಅಂಕ ಹಾಕುತ್ತಿದ್ದರು. ಆಮೇಲೆ ಬಂದ ಇನ್ನೊಂದರಲ್ಲಿ ರೋಗಿಗೂ ಅಂಕ ಹಾಕುವ ಹಕ್ಕು ಕೊಟ್ಟರು: ನೋಯುತ್ತದಾ, ನವೆಯಾಗುತ್ತದಾ, ಬಿಗಿಯಾಗಿದೆಯಾ ಎಂದು. ಅದು ನನಗೆ ಬಹಳ ಸರಿಯೆನ್ನಿಸುತ್ತದೆ. ನುಂಗುವಾಗ ಚರ್ಮ ಎಳೆದಂತಾಗುವುದು ಎದುರು ಕೂತವರಿಗೆ ಕಾಣುವುದಿಲ್ಲ. ಅಂಥದ್ದಾದರೆ ಬಾಯಿಬಿಟ್ಟು ಹೇಳು, ಸಹಿಸಿಕೊಂಡು ಕೂರಬೇಡ.

ಕತ್ತಿನ ಕೊಯ್ತವೇ ಆದರೆ ಮುಂದೆ ಏನಾಗುತ್ತದೆ ಎಂದು ಈಗಲೇ ಹೇಳಿಬಿಡುತ್ತೇನೆ. ಮೊದಲ ವಾರಗಳಲ್ಲಿ ಗೆರೆಯ ಮೇಲ್ಭಾಗ ಬಾತಿರುತ್ತದೆ, ಅದು ಇಳಿಯುತ್ತದೆ. ಜುಲೈನಲ್ಲಿ ಮಾಡಿಸಿಕೊಂಡರೆ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವ ಹೊತ್ತಿಗೆ ಮೂರು ತಿಂಗಳು. ಆಗ ಗುರುತು ಕೆಂಪಾಗಿ, ಗಟ್ಟಿಯಾಗಿ, ತನ್ನ ಅತ್ಯಂತ ಕೆಟ್ಟ ರೂಪದಲ್ಲಿರಬಹುದು, ನೀನು ಅತ್ತುಕೊಂಡು ನನಗೆ ಫೋನ್ ಮಾಡುತ್ತೀಯ. ಅದು ಮಾಗುವಿಕೆಯ ನಡುದಾರಿ. ವರ್ಷ, ಕೆಲವರಿಗೆ ಒಂದೂವರೆ ವರ್ಷ, ಅದು ಬದಲಾಗುತ್ತಲೇ ಇರುತ್ತದೆ. ನಮ್ಮ ಮೈಬಣ್ಣದವರಿಗೆ ಬಿಸಿಲು ಬಿದ್ದರೆ ಗುರುತು ಕಪ್ಪಾಗಿ ನಿಂತುಬಿಡುತ್ತದೆ. ದುಪಟ್ಟ ಹೊದ್ದುಕೊ, ಗಾಯ ಪೂರ್ತಿ ಮುಚ್ಚಿದ ಮೇಲೆ ಸನ್‌ಸ್ಕ್ರೀನ್ ಹಚ್ಚು. ಗಾಯ ಒಣಗಿದ ನಂತರ ಸಿಲಿಕೋನ್ ಹಾಳೆ ಅಥವಾ ಜೆಲ್ ಎರಡು ಮೂರು ತಿಂಗಳು ಬಳಸು. ಹಾಳೆಯಾದರೆ ದಿನದ ಅರ್ಧ ಹೊತ್ತಾದರೂ ಅಂಟಿರಬೇಕು. ಡಾಕ್ಟರು ಹೂಂ ಅಂದ ಮೇಲೆ ಬೆರಳ ತುದಿಯಿಂದ ಮೆಲ್ಲಗೆ ತಿಕ್ಕು, ಒಳಗಿನ ಅಂಟು ಬಿಡುತ್ತದೆ. ಹಸಿ ಗಾಯಕ್ಕೆ ಅರಿಶಿನ, ಸುಣ್ಣ, ಯಾವ ಸೊಪ್ಪಿನ ರಸವೂ ಬೇಡ, ನಿಮ್ಮತ್ತೆ ಎಷ್ಟೇ ಹೇಳಲಿ. ಸರವೂ ಬೇಡ, ಉಜ್ಜಾಟ ಗಾಯಕ್ಕೆ ಆಗದು. ಗುರುತು ಗಡಿ ದಾಟಿ ಉಬ್ಬತೊಡಗಿದರೆ ವರ್ಷ ಕಾಯದೆ ಚರ್ಮದ ಡಾಕ್ಟರ ಬಳಿ ಹೋಗು. ಶುರುವಿನಲ್ಲೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಬಹಳ ಸಲ ತಗ್ಗುತ್ತದೆ. ಯಾರಾದರೂ ಸುಮ್ಮನೆ ಕತ್ತರಿಸಿ ತೆಗೆಯೋಣ ಅಂದರೆ ಒಪ್ಪಬೇಡ, ಬರೀ ಕತ್ತರಿಸಿದ ಕೀಲಾಯ್ಡ್ ಹೆಚ್ಚಿನ ಸಲ ಮತ್ತೆ ಬರುತ್ತದೆ, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ.

ಕೋಸು, ಮೂಲಂಗಿ ಬಿಡಬೇಕಾ ಎಂದೂ ನೀನು ಕೇಳಿದ್ದೆ. ಬೇಯಿಸಿ ಹಿತಮಿತವಾಗಿ ತಿನ್ನು, ಅದರಿಂದ ಈ ಗಂಟು ಬಂದಿಲ್ಲ.

ಶುಕ್ರವಾರ ಡಾಕ್ಟರನ್ನು ನೋಡುವಾಗ ಅಮ್ಮನನ್ನೂ ಒಳಗೆ ಕರೆದುಕೊಂಡು ಹೋಗು. ಅವಳಿಗೆ ಹೊರಗೆ ಬೆಂಚಿನ ಮೇಲೆ ಕಾಯುವುದಕ್ಕಿಂತ ಒಳಗೆ ಕೂತು ಕೇಳುವುದು ಸುಲಭ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊ. ಆಪರೇಷನ್ ಮಾಡುವವರು ಅವರೇನಾ ಅಥವಾ ಬೇರೆಯವರಾ ಎನ್ನುವುದನ್ನು ಮರೆಯಬೇಡ. ಸೂಜಿ ಪರೀಕ್ಷೆಯ ಸ್ಲೈಡುಗಳನ್ನು ಆಸ್ಪತ್ರೆಯಿಂದ ಕೇಳಿ ಪಡೆದಿಟ್ಟುಕೊ, ಬೇರೆ ಕಡೆ ತೋರಿಸಬೇಕಾದರೆ ಬೇಕಾಗುತ್ತದೆ. ತೋಳಿನ ಬಿಸಿಜಿ ಗುರುತಿನ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಇವತ್ತೇ ನನಗೆ ಕಳಿಸು. ಆಪರೇಷನ್ ಆದ ಮೇಲೆ ಹದಿನೈದು ದಿನ ಇಲ್ಲಿಗೇ ಬಂದಿರು, ನಡುಮನೆಯ ಮಂಚ ನಿನಗೆ. ಹೊಲದಲ್ಲಿ ಆಲೂಗೆಡ್ಡೆ ಕೀಳುವ ಕಾಲ ಆಗ, ಬಿಸಿಲಿಗೆ ಮಾತ್ರ ನಿನ್ನನ್ನು ಬಿಡುವುದಿಲ್ಲ.

ನಿನ್ನ
ದೊಡ್ಡಮ್ಮ